ಹತ್ತಕ್ಕೆ ಎಳ್ಳಷ್ಟು ಕಡಿಮೆ

ಜೂನ್ ತಿಂಗಳು ಬಂತೆಂದರೆ ಮಲ್ಪೆ, ಗಂಗೊಳ್ಳಿಯ ದಕ್ಕೆಗಳಲ್ಲಿ ದೊಡ್ಡ ಬೋಟುಗಳೆಲ್ಲ ಒಂದಕ್ಕೊಂದು ಆತುಕೊಂಡು ಮಲಗುತ್ತವೆ. ಆಗ ಅಳಿವೆಯತ್ತಲೇ ಕಣ್ಣಿಟ್ಟು ಕೂರುವವರು ನಾಡದೋಣಿಯವರು. ತೂಫಾನು ಎದ್ದು ಕಡಲ ತಳ ಕಲಕಿ, ಅಬ್ಬರ ಒಂದಿಷ್ಟು ಇಳಿದ ದಿನ ದೋಣಿಗಳು ನೀರಿಗಿಳಿಯುತ್ತವೆ. ಮಾಟುಬಲೆಯನ್ನೋ ಪಟ್ಟಬಲೆಯನ್ನೋ ಹೇರಿಕೊಂಡ ಆ ದೋಣಿಗಳ ಹಿಂತುದಿಯಲ್ಲಿ ತೂಗುವ ಮೋಟಾರಿನ ಮುಚ್ಚಳದ ಮೇಲೆ ಹೆಚ್ಚಾಗಿ ಕಾಣುವ ಅಶ್ವಶಕ್ತಿಯ ಅಂಕಿ ಒಂದೇ: 9.9.

ಹತ್ತು ಎಂದು ನೇರವಾಗಿ ಬರೆಯಬಹುದಿತ್ತಲ್ಲ? ಈ ಎಳ್ಳಷ್ಟು ಕೊರತೆಯ ಹಿಂದೆ ನೂರು ವರ್ಷಕ್ಕೂ ಹಳೆಯ ಚರಿತ್ರೆಯಿದೆ. ಅದು ಶುರುವಾದದ್ದು ಅಮೆರಿಕದ ಸಿಹಿನೀರಿನ ಕೆರೆಗಳಲ್ಲಿ.

ದೋಣಿಯ ಹಿಂದೆ ಕಳಚಿ ತೆಗೆಯಬಹುದಾದ ಮೋಟಾರನ್ನು ಕಟ್ಟುವ ಯೋಚನೆ ಅದಕ್ಕೂ ಹಳೆಯದು. 1881ರಲ್ಲಿ ಗುಸ್ತಾವ್ ಟ್ರೂವೆ ಎಂಬ ಫ್ರೆಂಚ್ ತಂತ್ರಜ್ಞರು ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಚುಕ್ಕಾಣಿಗೆ ವಿದ್ಯುತ್ ಮೋಟಾರು ಜೋಡಿಸಿ ದೋಣಿ ಓಡಿಸಿದ್ದರು. ಆದರೆ ಜನರ ಕೈಗೆ ಸಿಕ್ಕಿ, ಮಾರುಕಟ್ಟೆ ಹಿಡಿದದ್ದು ಓಲೆ ಎವಿನ್‌ರೂಡ್ ಅವರ ಪೆಟ್ರೋಲ್ ಮೋಟಾರು. ನಾರ್ವೆಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದವರು ಅವರು. ಬಿರುಬಿಸಿಲಿನ ಒಂದು ದಿನ ಗೆಳತಿ ಬೆಸ್‌ಗಾಗಿ ಐಸ್‌ಕ್ರೀಮ್ ತರಲು ಕೆರೆಯುದ್ದಕ್ಕೂ ಹುಟ್ಟು ಹಾಕಿದರಂತೆ, ದಡ ಮುಟ್ಟುವಷ್ಟರಲ್ಲಿ ಅದು ಕರಗಿತ್ತಂತೆ. ಕಂಪನಿಯ ಚರಿತ್ರೆಯಲ್ಲಿ ಈ ಪ್ರಸಂಗ ದಂತಕತೆಯಾಗಿ ಉಳಿದಿದೆ. 1909ರಲ್ಲಿ ಅವರು ಮಾರಾಟಕ್ಕಿಟ್ಟ ಒಂದೇ ಸಿಲಿಂಡರಿನ ಮೋಟಾರು ಒಂದೂವರೆ ಅಶ್ವಶಕ್ತಿಯದು, ತೂಕ ಸುಮಾರು 28 ಕಿಲೋ. ಮುಂದೆ ಅವರ ಹೆಂಡತಿಯಾದ ಬೆಸ್ ಅದರ ಜಾಹೀರಾತು, ಪತ್ರವ್ಯವಹಾರವನ್ನೆಲ್ಲ ನೋಡಿಕೊಂಡರು.

ಆಗ ಗಿರಾಕಿಗೆ ಆಯ್ಕೆಯ ತಲೆನೋವೇ ಇರಲಿಲ್ಲ. ಇದ್ದದ್ದು ಒಂದೇ ಅಳತೆ. ಎತ್ತಿ ಹೊರಬಲ್ಲಿರಾ, ಇಲ್ಲವಾ ಎಂಬುದಷ್ಟೇ ಪ್ರಶ್ನೆ. ಅಲ್ಯೂಮಿನಿಯಂ ಬಂದ ಮೇಲೆ ಜಾನ್ಸನ್ ಸಹೋದರರು 1920ರ ದಶಕದ ಆರಂಭದಲ್ಲಿ ಎರಡು ಅಶ್ವಶಕ್ತಿಯ ಮೋಟಾರನ್ನು 16 ಕಿಲೋಗೆ ಇಳಿಸಿದರು. ಅಲ್ಲಿಂದ ಪೈಪೋಟಿ ಹತ್ತಿಕೊಂಡಿತು. 1962ರ ಹೊತ್ತಿಗೆ ಮರ್ಕ್ಯುರಿ ಕಂಪನಿ ನೂರು ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರನ್ನೇ ಮಾರುಕಟ್ಟೆಗೆ ತಂದಿತ್ತು. ಅರವತ್ತು ವರ್ಷ ತುಂಬುವ ಮೊದಲೇ ಒಂದೂವರೆ ಇದ್ದದ್ದು ನೂರಾಗಿತ್ತು.

ಆದರೆ ನೀರು ಈ ಪೈಪೋಟಿಗೆ ಒಪ್ಪುವುದಿಲ್ಲ. ಅದನ್ನು ಲೆಕ್ಕಕ್ಕೆ ತಂದು ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1860ರ ದಶಕದಲ್ಲಿ ಅವರು ಹಡಗಿನ ಪುಟ್ಟ ಮಾದರಿಗಳನ್ನು ಡಾರ್ಟ್ ನದಿಯಲ್ಲಿ ಎಳೆಸಿ ನೋಡಿದರು. 1872ರಲ್ಲಿ ಟಾರ್ಕಿ ಪಟ್ಟಣದಲ್ಲಿ ಅದಕ್ಕೆಂದೇ ಉದ್ದನೆಯ ತೊಟ್ಟಿ ಕಟ್ಟಿಸಿದರು. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಅಲೆಯನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ವೇಗ ಹೆಚ್ಚಿದಂತೆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದ ಮೇಲೆ ದೋಣಿ ತನ್ನದೇ ಅಲೆಯ ಏರನ್ನು ಹತ್ತಬೇಕು. ಈ ದಾರಿಯಲ್ಲಿ ಬೆಳೆದ ಲೆಕ್ಕ ಸರಳವಾದದ್ದು: ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗದ ಈ ಮಿತಿ ಇಷ್ಟು ನಾಟ್ ಎಂದು ಸಿಗುತ್ತದೆ. 25 ಅಡಿಯ ದೋಣಿಗೆ 6.7 ನಾಟ್, ಅಂದರೆ ಗಂಟೆಗೆ ಸುಮಾರು 12 ಕಿಲೋಮೀಟರ್. ಉದ್ದಕ್ಕೆ ಹೋಲಿಸಿದರೆ ತೀರ ಸಪೂರವಾದ ದೋಣಿ ಇದನ್ನು ತುಸು ಮೀರಬಲ್ಲದು. ಹೊಟ್ಟೆ ತುಂಬಿದ ದೋಣಿಗೆ ಇನ್ನೂ ಹತ್ತು ಅಶ್ವಶಕ್ತಿ ಸೇರಿಸಿದರೆ ಮೂತಿ ಮೇಲೇಳುತ್ತದೆ, ಹಿಂಬದಿ ಕುಸಿಯುತ್ತದೆ, ಎಣ್ಣೆ ಉರಿಯುತ್ತದೆ. ವೇಗ ಮಾತ್ರ ಹಾಗೆಯೇ ಉಳಿಯುತ್ತದೆ. ಚಪ್ಪಟೆ ತಳದ ಹಗುರ ದೋಣಿಯ ಕತೆ ಬೇರೆ. ಅದು ನೀರಿನ ಮೇಲೆ ಎದ್ದು ಜಾರುತ್ತದೆ, ಅಲ್ಲಿ ಹೆಚ್ಚಿನ ಶಕ್ತಿಗೆ ಬೆಲೆಯಿದೆ. ಮೋಟಾರು ಕೊಳ್ಳುವ ಮೊದಲು ದೋಣಿಯ ಹೊಟ್ಟೆ ನೋಡಬೇಕು ಎನ್ನುವುದು ಇದಕ್ಕೇ.

ಜೀವದ ಪ್ರಶ್ನೆಯೂ ಇತ್ತು. ಪುಟ್ಟ ದೋಣಿಗೆ ದೊಡ್ಡ ಮೋಟಾರು ಕಟ್ಟಿದರೆ ಅದರ ಭಾರಕ್ಕೇ ಹಿಂಬದಿಯಿಂದ ನೀರು ನುಗ್ಗುತ್ತದೆ, ತಿರುವಿನಲ್ಲಿ ದೋಣಿ ಮಗುಚುತ್ತದೆ. ಅಮೆರಿಕ 1971ರಲ್ಲಿ ದೋಣಿ ಸುರಕ್ಷತೆಗೆ ಕಾನೂನು ತಂದಿತು. ಅದರಡಿ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಗರಿಷ್ಠ ಅಶ್ವಶಕ್ತಿಯನ್ನು ನಮೂದಿಸಿದ ಫಲಕ ಕಡ್ಡಾಯವಾಯಿತು. ಅದರ ಲೆಕ್ಕವನ್ನು ಬೆರಳಲ್ಲೇ ಮಾಡಬಹುದು. ದೋಣಿಯ ಉದ್ದವನ್ನು ಹಿಂಬದಿ ಹಲಗೆಯ ಅಗಲದಿಂದ ಗುಣಿಸಬೇಕು. 12 ಅಡಿ ಉದ್ದ, 4 ಅಡಿ ಅಗಲವಾದರೆ 48. ಪಟ್ಟಿಯ ಪ್ರಕಾರ 46ರಿಂದ 52ರವರೆಗೆ 15 ಅಶ್ವಶಕ್ತಿ ಸಲ್ಲುತ್ತದೆ. ತಳ ಚಪ್ಪಟೆಯಾಗಿ, ಅಂಚು ಚೂಪಾಗಿದ್ದರೆ ಒಂದು ಮೆಟ್ಟಿಲು ಇಳಿದು ಹತ್ತು. ಇಷ್ಟು ಚಿಕ್ಕ ಗುಣಾಕಾರ ಎಷ್ಟೋ ಜನರನ್ನು ನೀರುಪಾಲಾಗದಂತೆ ಕಾಪಾಡಿರಬೇಕು.

ಇನ್ನೊಂದು ಗೆರೆಯನ್ನು ಎಳೆದದ್ದು ಕೆರೆಗಳ ನಿಯಮ. ಅಮೆರಿಕದ ಅನೇಕ ಕೆರೆಗಳಲ್ಲಿ ಹತ್ತು ಅಶ್ವಶಕ್ತಿಯಾಚೆ ಪ್ರವೇಶವಿಲ್ಲ. 1974ರಲ್ಲಿ ಜಾನ್ಸನ್ ಮತ್ತು ಎವಿನ್‌ರೂಡ್ ಹೆಸರಿನಲ್ಲಿ 9.9ರ ಮೋಟಾರು ಬಂದದ್ದು ಈ ಗೆರೆಯೊಳಗೆ ನಿಲ್ಲಲೆಂದೇ. ಅದರ ಜೊತೆಗೇ ಬಂದ 15 ಅಶ್ವಶಕ್ತಿಯ ಅಣ್ಣನಿಗೂ ಇದಕ್ಕೂ ಇಂಜಿನ್ ಒಂದೇ. ವ್ಯತ್ಯಾಸ ಮುಖ್ಯವಾಗಿ ಕಾರ್ಬ್ಯುರೇಟರಿನದು. ಆಮೇಲೆ ಬೇರೆ ಕಂಪನಿಗಳೂ ಇದೇ ಅಂಕಿಯನ್ನು ಹಿಡಿದವು.

ನಮ್ಮ ಪಶ್ಚಿಮ ಕರಾವಳಿಗೆ ಇಂಜಿನ್ ಬಂದ ಕತೆಯಲ್ಲೂ ನಾರ್ವೆಯ ಹೆಸರಿದೆ. 1953ರಲ್ಲಿ ಕೇರಳದ ನೀಂಡಕರದಲ್ಲಿ ಭಾರತ–ನಾರ್ವೆ ಯೋಜನೆ ಆರಂಭವಾದಾಗ ಮೊದಲ ಯೋಚನೆ, ಇದ್ದ ನಾಡದೋಣಿಗಳಿಗೇ ಇಂಜಿನ್ ಕೂರಿಸುವುದು. ಅಲೆಗೆ ಬಾಗಿ ಬಳುಕುವಂತೆ ಕಟ್ಟಿದ ಆ ದೋಣಿಗಳು ಒಳಗಿನ ಇಂಜಿನ್ನಿನ ಭಾರಕ್ಕೆ, ನಡುಕಕ್ಕೆ ಹೊಂದಲಿಲ್ಲ. ಹಾಗಾಗಿ ಹೊಸ ಬೋಟುಗಳನ್ನೇ ರೂಪಿಸಬೇಕಾಯಿತು. 1963ರ ಹೊತ್ತಿಗೆ ಯೋಜನೆ ಕಾರವಾರಕ್ಕೂ ಬಂತು. ಇಲ್ಲಿ ಆಗಿನ್ನೂ ರಂಪಣಿಯ ಕಾಲ. ಹತ್ತಾರು ಜನ ದಡದಲ್ಲಿ ನಿಂತು ಬಂಗುಡೆ, ಬೂತಾಯಿಯ ಬಲೆಯನ್ನು ಕೈಯಲ್ಲೇ ಎಳೆಯುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿಯತೊಡಗಿದ ಮೇಲೆ ದಡದ ರಂಪಣಿ ಸೊರಗಿತು. ಹುಟ್ಟು ಹಿಡಿದ ಮೊಗವೀರರಿಗೆ, ಖಾರ್ವಿಗಳಿಗೆ ಮೀನಿರುವ ಜಾಗಕ್ಕೆ ತಾವೇ ಹೋಗಬೇಕಾದ ಗತಿ ಬಂತು. ಆಗ ಒದಗಿದ್ದು ಹೊರಗೆ ತೂಗುಹಾಕುವ ಈ ಮೋಟಾರು. ಎರಡೂ ತುದಿ ಚೂಪಾದ ದೋಣಿಯಲ್ಲಿ ಅದನ್ನು ಕೂರಿಸಲು ಜಾಗವಿರಲಿಲ್ಲ. ಕರಾವಳಿಯಲ್ಲಿ ಕೆಲವರು ಪಕ್ಕಕ್ಕೆ ಹಲಗೆ ಬಿಗಿದರು. ಮುಂದೆ ಫೈಬರ್ ದೋಣಿಗಳು ಹಿಂಬದಿಯನ್ನು ಚಪ್ಪಟೆ ಮಾಡಿಕೊಂಡೇ ಬಂದವು.

ಕೇರಳದ ದೊಡ್ಡ ಬಲೆಯ ದೋಣಿಗಳು 40 ಅಶ್ವಶಕ್ತಿಯ ಎರಡು ಮೂರು ಮೋಟಾರುಗಳವರೆಗೂ ಹೋದವು. ಕರ್ನಾಟಕದ ಸಣ್ಣ ಬಲೆಯವರು ಮಾತ್ರ 9.9ರ ಸುತ್ತಲೇ ಉಳಿದರು. ದೋಣಿಯ ಹೊಟ್ಟೆ, ಎಣ್ಣೆಯ ಖರ್ಚು ಎರಡೂ ಅದಕ್ಕೆ ಕಾರಣ. ಮಳೆಗಾಲದ ನಿಯಮವೂ ಕಾರಣವೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೂ ಹತ್ತು ಅಶ್ವಶಕ್ತಿ ಮೀರಿದ ಮೋಟಾರಿನ ದೋಣಿಗಳಿಗೂ ಕಡಲು ಮುಚ್ಚಿರುತ್ತದೆ. ಹತ್ತರೊಳಗಿನವರಿಗೆ ಅವಕಾಶವಿದೆ. ಅಮೆರಿಕದ ಕೆರೆಗಾಗಿ ಹುಟ್ಟಿದ ಅಂಕಿ ಉಪ್ಪುಂದ, ಮರವಂತೆಯ ಮಳೆಗಾಲದ ಅನ್ನವಾದದ್ದು ಹೀಗೆ.

ಕೂಲಿಗೆ ಹೊಂದುವ ಎಣ್ಣೆಯೂ ಬೇಕಿತ್ತು. ಅದಕ್ಕೆ ಸಿಕ್ಕಿದ್ದು ಚಿಮಿಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಸೀಮೆಎಣ್ಣೆಯ ಮೋಟಾರಿನಲ್ಲಿ ಸಿಲಿಂಡರಿನ ಒತ್ತಡ ಕಡಿಮೆ, ಶಕ್ತಿಯೂ ತುಸು ಕಡಿಮೆ. ತಣ್ಣಗಿರುವಾಗ ಅದು ಸೀಮೆಎಣ್ಣೆಗೆ ಹತ್ತಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಪೆಟ್ರೋಲಿನಲ್ಲಿ ಹಗ್ಗ ಎಳೆದು ಶುರು ಮಾಡಬೇಕು. ಇಂಜಿನ್ ಬಿಸಿಯಾಗಿ ಅಳಿವೆ ದಾಟುವ ಹೊತ್ತಿಗೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಮರಳಿ ದಡ ಕಂಡಾಗ ಮತ್ತೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬ್ಯುರೇಟರಿನಲ್ಲಿ ಉಳಿದ ಎಣ್ಣೆಯನ್ನು ಉರಿಸಿ ಮುಗಿಸಿಯೇ ಇಂಜಿನ್ ನಿಲ್ಲಿಸುತ್ತಾರೆ. ಹಾಗೆ ಮಾಡಿದರೆ ಮಾರನೆಯ ಬೆಳಗಿನ ಜಾವ, ಮಳೆಯಲ್ಲಿ ನಿಂತು ಎಳೆದ ಮೊದಲ ಹಗ್ಗಕ್ಕೇ ಅದು ಹತ್ತಿಕೊಳ್ಳುತ್ತದೆ.