ಬಾಲಕಿಯ ಬಾಲ್ಯಕ್ಕೆ ಯಾವುದು ಸಾಕ್ಷಿ?: ಚಾಕಣ-ಪುಣೆ ಪರಿಸರದ ಕೆಲವು ಆಧಾರಗಳು

ಪುಣೆ-ನಾಸಿಕ ಹೆದ್ದಾರಿಯಲ್ಲಿ, ಪುಣೆಯಿಂದ ಸುಮಾರು 30 ಕಿ.ಮೀ. ದೂರದಲ್ಲಿರುವ ಚಾಕಣವು 1660ರಲ್ಲಿ ಶಾಯಿಸ್ತಾಖಾನನ ಮುತ್ತಿಗೆಯನ್ನು ಎದುರಿಸಿದ ಸಂಗ್ರಾಮದುರ್ಗದ ಮೂಲಕ ಇತಿಹಾಸಕಾರರಿಗೆ ಪರಿಚಿತವಾಗಿದೆ. ಕೋಟೆ ಕಾದ ಫಿರಂಗೋಜಿ ನರಸಾಳೆಯ ಹೆಸರು ಉಳಿದಿದೆ. ಅದೇ ಊರಿನ ಹೆಣ್ಣುಮಕ್ಕಳು ಹೇಗೆ ಬೆಳೆದರೆಂಬುದಕ್ಕೆ ಆ ಕಥನದಲ್ಲಿ ಸ್ಥಳವಿಲ್ಲ. ಈ ಕೊರತೆಯನ್ನು ವಸ್ತುಸಂಗ್ರಹಾಲಯಗಳು ಎಷ್ಟರಮಟ್ಟಿಗೆ ತುಂಬಬಲ್ಲವೆಂಬುದನ್ನು ಇದೇ ಪರಿಸರದ ಆಧಾರಗಳಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವು ದಿನಕರ ಗಂಗಾಧರ ಕೇಳಕರರು (1896-1990) ಬಾಲ್ಯದಲ್ಲಿಯೇ ತೀರಿಕೊಂಡ ತಮ್ಮ ಮಗ ರಾಜಾನ ನೆನಪಿಗಾಗಿ ಕಟ್ಟಿದ ಸಂಸ್ಥೆ. ಅಲ್ಲಿರುವ 20 ಸಾವಿರಕ್ಕೂ ಮಿಕ್ಕ ವಸ್ತುಗಳಲ್ಲಿ ಸುಮಾರು 2,500 ಮಾತ್ರ ಪ್ರದರ್ಶನದಲ್ಲಿವೆ. ಗಂಡುಮಗುವಿನ ಹೆಸರು ಹೊತ್ತ ಈ ಸಂಗ್ರಹದಲ್ಲಿ ಕುಂಕುಮದ ಭರಣಿ, ಅಡಕತ್ತರಿ, ಅಂಗಾಲು ಉಜ್ಜುವ ವಜ್ರಿ, ದೀಪಗಳು ಮೊದಲಾಗಿ ಗೃಹಿಣಿಯ ಲೋಕವೇ ತೆರೆದುಕೊಳ್ಳುತ್ತದೆ. ಬಾಲಕಿ ಎಲ್ಲಿ? ಸಾವಿತ್ರಿಬಾಯಿ ಫುಲೆಯವರ ವಿವಾಹ 1840ರಲ್ಲಿ, ಅವರ ಒಂಬತ್ತನೆಯ ವಯಸ್ಸಿನಲ್ಲಿ ನಡೆಯಿತೆಂಬುದನ್ನು ನೆನೆದರೆ, ಅಂದಿನ ಕುಂಕುಮದ ಭರಣಿಯನ್ನು ತೆರೆದ ಕೈ ಮಗುವಿನದೂ ಆಗಿದ್ದಿರಬಹುದು. ವಸ್ತು ತಾನಾಗಿ ಅದನ್ನು ಹೇಳದು.

ಆದುದರಿಂದ ಬಾಲಕಿಯರ ಮಾತನ್ನೇ ಅರಸಬೇಕಾಗುತ್ತದೆ. ಸಾವಿತ್ರಿಬಾಯಿ ಮತ್ತು ಜೋತಿರಾವ್ ಫುಲೆ 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಈ ದಂಪತಿಗಳ ಶಾಲೆಯಲ್ಲಿ ಕಲಿತ, ಮಾಂಗ ಜಾತಿಯ ಬಾಲಕಿ ಮುಕ್ತಾ ಸಾಳ್ವೆ ಮಾಂಗ-ಮಹಾರರ ದುಃಖವನ್ನು ಕುರಿತು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯ ವೇಳೆಯಲ್ಲಿಯೂ ತಮ್ಮ ಹೆಂಗಸರಿಗೆ ತಲೆಯ ಮೇಲೆ ಸೂರಿಲ್ಲದ ಸ್ಥಿತಿಯನ್ನು ಆಕೆ ಅದರಲ್ಲಿ ಎತ್ತಿ ಹೇಳಿದ್ದಾಳೆ. ಶಿಥಿಲಗೊಂಡಿದ್ದ ಭಿಡೆವಾಡೆಯನ್ನು ಸ್ಮಾರಕ ನಿರ್ಮಾಣಕ್ಕಾಗಿ 2023ರ ಡಿಸೆಂಬರಿನಲ್ಲಿ ಕೆಡವಲಾಯಿತು. ಕಟ್ಟಡ ಹೋಯಿತು, ಬಾಲಕಿಯ ಬರಹ ಉಳಿದಿದೆ.

ಕನ್ನಡ ನಾಡಿಗೆ ಸಂಬಂಧಿಸಿದ ಸಾಕ್ಷ್ಯವೂ ಇಲ್ಲಿ ಗಮನಾರ್ಹ. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ಆರು ತಿಂಗಳ ಕೂಸಾಗಿದ್ದ ತಮ್ಮನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಇಳಿಸಿದರೆಂಬ ಹಿರಿಯರ ಮಾತನ್ನು ಅವರು ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ತಾಯಿ ಲಕ್ಷ್ಮೀಬಾಯಿಯಿಂದ ಸಂಸ್ಕೃತ ಕಲಿತು, ಯಾತ್ರೆಯಲ್ಲಿಯೇ ಬೆಳೆದ ಈ ಬಾಲಕಿ ಮುಂದೆ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ಸ್ಥಾಪಿಸಿ, ಮರುವರ್ಷ ಅದನ್ನು ಪುಣೆಗೆ ತಂದರು. ಬೆತ್ತದ ಪೆಟ್ಟಿಗೆಯನ್ನು ನಾವು ಕಾಣಲಾರೆವು. ಅದರ ಉಲ್ಲೇಖವೇ ನಮಗೆ ಆಧಾರ.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಲೋಹ ಮತ್ತು ಮರದ ವಸ್ತುಗಳು ಬಾಳುತ್ತವೆ. ಅವು ಬಹುಮಟ್ಟಿಗೆ ಮದುವೆಯ ಆಚೆಗಿನವು. ಬಾಲ್ಯದ ವಸ್ತುಗಳು ಬೇಗ ಅಳಿಯುವಂಥವು. ಆಷಾಢದ ಮಂಗಳವಾರಗಳಂದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಪೂಜಿಸುವ ಮಣ್ಣಿನ ಗುಳ್ಳವ್ವ ಇದಕ್ಕೆ ನಿದರ್ಶನ. ಪೂಜೆಯ ನಂತರ ಆಕೆಯನ್ನು ವಿಸರ್ಜಿಸಲಾಗುತ್ತದೆ. ಗಾಜಿನ ಪೆಟ್ಟಿಗೆಗೆ ಆಕೆ ದಕ್ಕುವುದಿಲ್ಲ.

ಚಾಕಣವೂ ಸೇರಿದಂತೆ ಪುಣೆಯ ಸುತ್ತಣ ಕೈಗಾರಿಕಾ ಪ್ರದೇಶಗಳಿಗೆ ಉತ್ತರ ಕರ್ನಾಟಕದ ಕುಟುಂಬಗಳು ದುಡಿಮೆಗಾಗಿ ಬಂದು ನೆಲೆಸಿವೆ. ಬಾಲಕಿಯರ ಬಾಲ್ಯವನ್ನು ಕುರಿತ ಪ್ರದರ್ಶನವನ್ನು ರೂಪಿಸುವವರು ಭರಣಿಯ ಪಕ್ಕದಲ್ಲಿ ಮುಕ್ತಾಳ ಪ್ರಬಂಧವನ್ನೂ, ಗುಳ್ಳವ್ವನ ಪಕ್ಕದಲ್ಲಿ ಅವಳನ್ನು ಮಾಡಿದ ಹುಡುಗಿಯ ಮಾತನ್ನೂ ಇಡಬೇಕೆಂಬುದು ನಮ್ಮ ಅಭಿಪ್ರಾಯ. ಹೊರನಾಡಿನ ಸಂಶೋಧಕರು ಇಂದೇ ಆ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳದಿದ್ದರೆ, ಮುಂದಿನವರಿಗೂ ಭರಣಿಯಷ್ಟೇ ಉಳಿದೀತು.