ತೂತು ಹೊತ್ತ ಹೆಸರು

ಲ್ಯಾಟಿನ್ ಭಾಷೆಯಲ್ಲಿ 'ಫೊರಾಮೆನ್' ಎಂದರೆ ತೂತು, 'ಫೆರೆ' ಎಂದರೆ ಹೊರುವುದು. ಎರಡನ್ನೂ ಬೆಸೆದರೆ 'ಫೊರಾಮಿನಿಫೆರಾ', ಅಂದರೆ ತೂತು ಹೊತ್ತವು. ಕಿವಿಗೆ ಪರದೇಶಿಯಾಗಿ ಕೇಳುವ ಈ ಪದದ ಅರ್ಧ ಭಾಗ ನಮಗೆ ದೂರದ ನೆಂಟ. 'ಫೆರೆ'ಯೂ ಸಂಸ್ಕೃತದ 'ಭೃ' ಧಾತುವೂ ಒಂದೇ ಇಂಡೋ-ಯುರೋಪಿಯನ್ ಬೇರಿನ ಎರಡು ಕವಲುಗಳು. ಆ 'ಭೃ'ವಿನಿಂದ ಹೊರಟ ಭಾರ, ಭರಣ, ಭೃತ್ಯ ಕನ್ನಡಕ್ಕೆ ಬಂದು ಎಷ್ಟೋ ಶತಮಾನವಾಯಿತು. ಮದುವೆಯ ಖರ್ಚು 'ಭರಿಸು'ವಾಗಲೂ ನಾವು ಬಳಸುವುದು ಅದೇ ಧಾತುವನ್ನು. ಇನ್ನರ್ಧವಾದ 'ಫೊರಾಮೆನ್' ವೈದ್ಯಕೀಯ ಓದಿದವರಿಗೆ ಹಳೆಯ ಪರಿಚಯ. ತಲೆಬುರುಡೆಯ ತಳದಲ್ಲಿ ಮಿದುಳಬಳ್ಳಿ ಇಳಿಯುವ ದೊಡ್ಡ ಕಂಡಿಗೆ 'ಫೊರಾಮೆನ್ ಮ್ಯಾಗ್ನಮ್' ಎಂದೇ ಹೆಸರು.

ಈ ಹೆಸರಿನ ಜೀವಿಗಳಿರುವುದು ಬಹುಪಾಲು ಸಮುದ್ರದಲ್ಲಿ. ದೇಹವೆಲ್ಲ ಒಂದೇ ಕೋಶ, ಗಾತ್ರ ಸಾಮಾನ್ಯವಾಗಿ ಸಣ್ಣ ರವೆಯ ಕಾಳಿನಷ್ಟು. ಹಾಗಿದ್ದೂ ಅವು ಮೈಸುತ್ತ ಸುಣ್ಣದ ಚಿಪ್ಪು ಕಟ್ಟುತ್ತವೆ, ಬೆಳೆದಂತೆ ಕೋಣೆಗೆ ಕೋಣೆ ಸೇರಿಸುತ್ತವೆ. ಸತ್ತ ಮೇಲೆ ಚಿಪ್ಪು ಕಡಲತಳಕ್ಕೆ ಇಳಿದು ಕೆಸರಿನ ಪದರದಲ್ಲಿ ಸೇರಿಹೋಗುತ್ತದೆ. 20,000 ವರ್ಷದ ಹಿಂದೆ, 5 ಕೋಟಿ ವರ್ಷದ ಹಿಂದೆ ಕಡಲು ಎಷ್ಟು ಬೆಚ್ಚಗಿತ್ತು ಎಂದು ತಿಳಿಯಬೇಕಾದರೆ ವಿಜ್ಞಾನಿಗಳು ಮೊದಲು ವಿಚಾರಿಸುವುದು ಈ ಚಿಪ್ಪನ್ನು. ಹೆಸರಿಟ್ಟವನಿಗೆ ಇದ್ಯಾವುದರ ಸುಳಿವೂ ಇರಲಿಲ್ಲ. ಇವು ಯಾವ ಜಾತಿಯ ಪ್ರಾಣಿ ಎಂಬ ಅವನ ಎಣಿಕೆಯೂ ತಪ್ಪಾಗಿತ್ತು. ಹೆಸರು ಮಾತ್ರ 1826ರಿಂದ ಇಂದಿನವರೆಗೆ ಕದಲಿಲ್ಲ.

ಹೆಸರಿಗೂ ಮೊದಲೇ ಜನ ಇವನ್ನು ಕಂಡಿದ್ದರು. ಗಿಜಾದ ಪಿರಮಿಡ್ಡುಗಳ ಬಳಿ ಬಿದ್ದಿದ್ದ, ಮಸೂರ ಬೇಳೆಯ ಆಕಾರದ ಕಲ್ಲಿನ ಚೂರುಗಳನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ನೋಡಿದ್ದ. ಕಟ್ಟುವ ಕೂಲಿಗಳು ಉಣ್ಣದೆ ಬಿಟ್ಟ ಊಟ ಕಲ್ಲಾಗಿದೆ ಎಂದು ಅಲ್ಲಿಯವರು ಹೇಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವು ನಾಣ್ಯದಂಥ ಆಕಾರದಿಂದಾಗಿ ಮುಂದೆ 'ನಮ್ಯುಲೈಟ್' ಎನಿಸಿಕೊಂಡ, ಫೊರಾಮಿನಿಫೆರಾ ಕುಲದಲ್ಲೇ ದೈತ್ಯ ಗಾತ್ರದ ಪಳೆಯುಳಿಕೆಗಳು. ನಮ್ಮ ಕಛ್‌ನ ಸುಣ್ಣಕಲ್ಲಿನಲ್ಲೂ ಇವು ಧಾರಾಳ. 1665ರಲ್ಲಿ ರಾಬರ್ಟ್ ಹುಕ್ ಮರಳಿನಲ್ಲಿ ಸಿಕ್ಕ ಒಂದು ಪುಟ್ಟ ಸುರುಳಿ ಚಿಪ್ಪನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದ. 1758ರಲ್ಲಿ ಲಿನೇಯಸ್ ಇಂಥದ್ದೇ ಒಂದಕ್ಕೆ 'ನಾಟಿಲಸ್ ಬೆಕಾರಿಯೈ' ಎಂದು ಹೆಸರಿಟ್ಟ. ನಾಟಿಲಸ್ ಎಂದರೆ ಅಕ್ಟೋಪಸ್ಸು, ಬೊಂಡಾಸಗಳ ಬಳಗದ, ಸುರುಳಿ ಚಿಪ್ಪಿನ ದೊಡ್ಡ ಪ್ರಾಣಿ. ಸುರುಳಿ ಕಂಡದ್ದೇ ತಡ, ರವೆಯ ಗಾತ್ರದ್ದನ್ನೂ ಅದೇ ಮನೆತನಕ್ಕೆ ಸೇರಿಸಿಬಿಟ್ಟರು.

ಆ ದಾರಿಯಲ್ಲೇ ನಡೆದವನು ಫ್ರಾನ್ಸಿನ ಆಲ್ಸಿದ್ ದೋರ್ಬಿನ್ಯಿ. 1802ರಲ್ಲಿ ಹುಟ್ಟಿದ ಇವನು ಅಟ್ಲಾಂಟಿಕ್ ತೀರದ ಲಾ ರೊಶೆಲ್ ಸುತ್ತಮುತ್ತ ಬೆಳೆದು, ಹುಡುಗನಾಗಿದ್ದಾಗಲೇ ಕಡಲಮರಳನ್ನು ಜಾಲಾಡತೊಡಗಿದ. ಬರಿಗಣ್ಣಿಗೆ ಕಾಣದ್ದನ್ನು ಪಂಡಿತರಿಗೆ ಒಪ್ಪಿಸುವುದು ಹೇಗೆ? ಚಿಪ್ಪುಗಳ ಆಕಾರವನ್ನು ಎಷ್ಟೋ ಪಟ್ಟು ಹಿಗ್ಗಿಸಿ, ಮೃದುವಾದ ಸುಣ್ಣಕಲ್ಲಿನಲ್ಲಿ ತಾನೇ ಕೆತ್ತಿದ. ಅವುಗಳಿಂದ ಪ್ಲಾಸ್ಟರ್ ಅಚ್ಚು ತೆಗೆದು, ಕಂತಿಗೆ 25ರಂತೆ ನಾಲ್ಕು ಕಂತುಗಳಲ್ಲಿ 100 ಮಾದರಿ ಹೊರತಂದ. ಸೂಕ್ಷ್ಮಜೀವಿಯ ಚಿಪ್ಪನ್ನು ಹೀಗೆ ಅಂಗೈಯಲ್ಲಿ ಹಿಡಿದು, ತಿರುಗಿಸಿ, ಕೋಣೆಯಿಂದ ಕೋಣೆಗಿರುವ ಕಂಡಿಗಳನ್ನು ನೋಡಬಹುದಾಯಿತು.

ಹೆಸರು ಹುಟ್ಟಿದ್ದು ಆ ಕಂಡಿಗಳಿಂದಲೇ. ನಾಟಿಲಸ್‌ನ ಚಿಪ್ಪಿನಲ್ಲಿ ಕೋಣೆಗಳನ್ನು ಕೂಡಿಸುವುದು ಒಂದು ಕೊಳವೆ. ಈ ಸಣ್ಣ ಚಿಪ್ಪುಗಳಲ್ಲಿ ಕೊಳವೆ ಇಲ್ಲ, ಗೋಡೆಯಲ್ಲಿ ತೂತು ಮಾತ್ರ. 1826ರ ತನ್ನ ಪ್ರಬಂಧದಲ್ಲಿ ದೋರ್ಬಿನ್ಯಿ ಕೊಳವೆ ಇದ್ದವನ್ನು 'ಸಿಫೊನಿಫೇರ್' ಎಂದೂ ತೂತು ಇದ್ದವನ್ನು 'ಫೊರಾಮಿನಿಫೇರ್' ಎಂದೂ ಬೇರ್ಪಡಿಸಿದ. ಎರಡನ್ನೂ ಇರಿಸಿದ್ದು ಮಾತ್ರ ಅಕ್ಟೋಪಸ್ಸಿನ ವರ್ಗದಲ್ಲೇ. ತೂತು ಹೊತ್ತವರಿಗೆ ತಲೆಯೂ ಬಾಹುಗಳೂ ಇರಬೇಕೆಂದು ಅವನು ನಂಬಿದ್ದ.

ಆ ನಂಬಿಕೆ ಬಾಳಿದ್ದು ಒಂಬತ್ತೇ ವರ್ಷ. 1835ರಲ್ಲಿ ಫೆಲಿಕ್ಸ್ ದುಜಾರ್ದಾನ್ ಜೀವಂತ ಮಾದರಿಗಳನ್ನು ನೋಡಿದಾಗ ತಲೆಯೂ ಇಲ್ಲ, ಬಾಹುವೂ ಇಲ್ಲ. ಅಂಟಂಟಾದ ಒಂದು ಜೀವದ್ರವ್ಯ ಎಳೆಎಳೆಯಾಗಿ ಹೊರಚಾಚುತ್ತಿತ್ತು, ಮತ್ತೆ ಒಳಸೇರುತ್ತಿತ್ತು. ಇವು ಅತ್ಯಂತ ಸರಳ ಜೀವಿಗಳು ಎಂದು ಸಾರಿ ಅವನು 'ರೈಜೋಪೋಡ್', ಅಂದರೆ ಬೇರುಗಾಲಿಗಳು, ಎಂಬ ಹೆಸರು ಕೊಟ್ಟ. ನ್ಯಾಯವಾಗಿ ನೋಡಿದರೆ ದೋರ್ಬಿನ್ಯಿಯ ಪದ ಅಲ್ಲಿಗೇ ಸಾಯಬೇಕಿತ್ತು. ಸಾಯಲಿಲ್ಲ. ಅವನು ಈ ಜೀವಿಗಳನ್ನು 'ಕಿರು ಅಕ್ಟೋಪಸ್' ಎಂದು ಕರೆದಿದ್ದರೆ ಹೆಸರು ಸಿದ್ಧಾಂತದ ಜತೆಯಲ್ಲೇ ಬೀಳುತ್ತಿತ್ತು. ಅವನು ಕರೆದದ್ದು 'ತೂತು ಹೊತ್ತವು' ಎಂದು. ಊಹೆ ಬಿದ್ದುಹೋದ ಮೇಲೂ ಚಿಪ್ಪಿನ ಗೋಡೆಯಲ್ಲಿ ತೂತು ಇದ್ದೇ ಇತ್ತು.

ಈ ಚಿಪ್ಪಿಗೆ ಪರಿಣತರು ಹೇಳುವ ಮಾತು 'ಟೆಸ್ಟ್'. ಶಾಲೆಯ ಟೆಸ್ಟಿಗೂ ಇದಕ್ಕೂ ಮೂಲದಲ್ಲಿ ಸಂಬಂಧವಿದೆ. ಲ್ಯಾಟಿನ್ನಿನ 'ಟೆಸ್ಟಾ' ಎಂದರೆ ಸುಟ್ಟ ಮಣ್ಣಿನ ಪಾತ್ರೆ, ಹೆಂಚು, ಚಿಪ್ಪು. ಅದೇ ಗುಂಪಿನ 'ಟೆಸ್ಟಮ್' ಎಂಬ ಮಣ್ಣಿನ ಮೂಸೆಯಲ್ಲಿ ಚಿನ್ನ ಬೆಳ್ಳಿಗಳನ್ನು ಕಾಯಿಸಿ ಅಪ್ಪಟವೇ ಎಂದು ನೋಡುತ್ತಿದ್ದರು. ಪರೀಕ್ಷೆ ಎಂಬ ಅರ್ಥ ಬಂದದ್ದು ಆ ಮೂಸೆಯಿಂದ. ಇಪ್ಪತ್ತನೆಯ ಶತಮಾನದಲ್ಲಿ ಚಿಪ್ಪಿನ 'ಟೆಸ್ಟ್' ಪ್ರಯೋಗಾಲಯದ ಟೆಸ್ಟಿಗೆ ಒಳಗಾದಾಗ ಹಳೆಯ ಒಡಹುಟ್ಟುಗಳು ಮತ್ತೆ ಕೂಡಿದವು.

ಅದಕ್ಕೆ ಹಿನ್ನೆಲೆ ಒದಗಿಸಿದ್ದು 1872ರಿಂದ 1876ರವರೆಗೆ ಕಡಲು ಸುತ್ತಿದ ಬ್ರಿಟಿಷ್ ಹಡಗು 'ಚಾಲೆಂಜರ್'. ಆಳದಿಂದ ಎತ್ತಿದ ಕೆಸರು ಮೈಲಿಗಟ್ಟಲೆ ಇವುಗಳ ಚಿಪ್ಪಿನದೇ ಆಗಿತ್ತು. ಅದರಲ್ಲೂ 'ಗ್ಲೋಬಿಜೆರಿನಾ', ಅಂದರೆ ಗುಂಡು ಹೊತ್ತದ್ದು. ಇದೂ ದೋರ್ಬಿನ್ಯಿಯದೇ ಹೆಸರು, ಇಲ್ಲೂ ಹೊರುವ ಕ್ರಿಯಾಪದವೇ. ಈ ಜೀವಿ ತಳದಲ್ಲಿ ಬದುಕುತ್ತದೋ ಮೇಲೆ ತೇಲುತ್ತದೋ ಎಂಬ ವಾದ ಆ ಯಾನದಲ್ಲಿ ತೀರ್ಮಾನವಾಯಿತು: ಬದುಕುವುದು ಮೇಲೆ, ಸತ್ತ ಮೇಲೆ ಬೀಳುವುದು ತಳಕ್ಕೆ. ಹಾಗಾದರೆ ತಳದ ಕೆಸರಿನಲ್ಲಿರುವುದು ಮೇಲ್ಪದರದ ನೀರಿನ ದಾಖಲೆ. 1935ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಶಾಟ್ 'ಮೀಟಿಯರ್' ಹಡಗು ಅಟ್ಲಾಂಟಿಕ್ಕಿನಿಂದ ತಂದ ಕೆಸರಿನ ಕಂಬಗಳಲ್ಲಿ ಒಂದು ವಿಚಿತ್ರ ಕಂಡ. ಬೆಚ್ಚಗಿನ ನೀರಿನ 'ಗ್ಲೋಬೊರೊಟೇಲಿಯಾ ಮೆನಾರ್ಡಿಯೈ' ಮೇಲಿನ ಪದರದಲ್ಲಿದೆ, ಅದರ ಕೆಳಗಿನ ಪದರದಲ್ಲಿ ಮಾಯ. ಆ ಕೆಳಪದರ ಹಿಮಯುಗದ್ದು.

ಬೆಚ್ಚಗೆ, ತಣ್ಣಗೆ ಎಂದಷ್ಟೇ ಹೇಳುತ್ತಿದ್ದ ಚಿಪ್ಪು ಡಿಗ್ರಿಯ ಲೆಕ್ಕ ಕೊಡಲು ಇನ್ನೊಂದು ಪದ ಹುಟ್ಟಬೇಕಾಯಿತು: ಐಸೊಟೋಪ್. ಗ್ರೀಕಿನ 'ಐಸೊ' ಎಂದರೆ ಸಮ, 'ಟೋಪೊಸ್' ಎಂದರೆ ಜಾಗ. 1913ರಲ್ಲಿ ಇದನ್ನು ಬಳಕೆಗೆ ತಂದವನು ಫ್ರೆಡೆರಿಕ್ ಸಾಡಿ, ಸೂಚಿಸಿದವರು ವೈದ್ಯೆ ಹಾಗೂ ಲೇಖಕಿ ಮಾರ್ಗರೆಟ್ ಟಾಡ್. ತೂಕ ಬೇರೆಯಾದರೂ ಆವರ್ತ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂರುವ ಪರಮಾಣುಗಳಿಗೆ ಈ ಹೆಸರು. ತೂಕ ಏಕೆ ಬೇರೆ ಎಂಬುದು ತಿಳಿದದ್ದು 1932ರಲ್ಲಿ ನ್ಯೂಟ್ರಾನ್ ಸಿಕ್ಕ ಮೇಲೆ. ಕಾರಣದ ಗೊಡವೆಗೆ ಹೋಗದೆ ಕಂಡ ಜಾಗವನ್ನಷ್ಟೇ ಹೇಳಿದ್ದರಿಂದ ಈ ಪದವನ್ನೂ ಯಾರೂ ಬದಲಿಸಬೇಕಾಗಲಿಲ್ಲ.

ಆಕ್ಸಿಜನ್ನಿನಲ್ಲಿ ಬಹುಪಾಲು ಹಗುರವಾದ 16, ಶೇಕಡ 0.2ರಷ್ಟು ಭಾರವಾದ 18. ನೀರು ತಣ್ಣಗಾದಷ್ಟೂ ಚಿಪ್ಪಿನ ಸುಣ್ಣಕ್ಕೆ ಸೇರುವ ಭಾರದ ಪಾಲು ಹೆಚ್ಚುತ್ತದೆ; ಒಂದು ಡಿಗ್ರಿಗೆ ಸಾವಿರಕ್ಕೆ 0.2ರಷ್ಟು. ಇಷ್ಟು ಸಣ್ಣ ವ್ಯತ್ಯಾಸದಿಂದ ಹಳೆಯ ಕಡಲಿನ ತಾಪ ತೆಗೆಯಬಹುದು ಎಂದು 1947ರ ಪ್ರಬಂಧದಲ್ಲಿ ತೋರಿಸಿದವನು ನೊಬೆಲ್ ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ. ಅಳೆಯಲು ಒಂದು ಮಾನದಂಡ ಬೇಕಲ್ಲ? ಷಿಕಾಗೊದಲ್ಲಿ ಅವನ ತಂಡ ಆರಿಸಿಕೊಂಡದ್ದು ದಕ್ಷಿಣ ಕೆರೊಲಿನಾದ ಪೀ ಡೀ ಶಿಲಾಸ್ತರದ ಬೆಲೆಮ್ನೈಟ್ ಪಳೆಯುಳಿಕೆಯನ್ನು. ಬೆಲೆಮ್ನೈಟ್ ಅಪ್ಪಟ ಅಕ್ಟೋಪಸ್ ವರ್ಗದ ಪ್ರಾಣಿ! ದೋರ್ಬಿನ್ಯಿ ತಪ್ಪಾಗಿ ಸೇರಿಸಿದ್ದ ಆ ಮನೆತನದಿಂದ ಹೊರಬಿದ್ದ ಜೀವಿಗಳ ಚಿಪ್ಪನ್ನು ಇಂದಿಗೂ ಆ ಮನೆತನದ ಒಂದು ಸದಸ್ಯನಿಗೆ ಹೋಲಿಸಿಯೇ ಅಳೆಯುತ್ತಾರೆ. ಮೂಲ ಮಾದರಿ ಖರ್ಚಾಗಿ ಹೋಗಿದೆ, ಅದರ ಹೆಸರಿನ ಅಳತೆಗೋಲು ಉಳಿದಿದೆ.

ಕೆಲಸ ನಡೆಯುವ ಬಗೆಯನ್ನೊಮ್ಮೆ ಹತ್ತಿರದಿಂದ ನೋಡಬೇಕು. ಕೆಸರನ್ನು 63 ಮೈಕ್ರಾನ್ ಕಂಡಿಯ ಜರಡಿಯ ಮೇಲೆ ತೊಳೆದು ಒಣಗಿಸುತ್ತಾರೆ. ಉಳಿದ ಮರಳನ್ನು ಕಪ್ಪು ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದಡಿ ನಾಲ್ಕೈದು ಕೂದಲಿನಷ್ಟು ತೆಳುವಾದ ಕುಂಚದ ಒದ್ದೆ ತುದಿಯಿಂದ ಬೇಕಾದ ಪ್ರಭೇದವನ್ನು ಒಂದೊಂದಾಗಿ ಎತ್ತುತ್ತಾರೆ. ಇಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ; 'ಫೊರಾಮ್ ಆರಿಸುವುದು' ಎಂದೇ ಮಾತು. ಆರಿಸಿದ್ದಕ್ಕೆ ಫಾಸ್ಫಾರಿಕ್ ಆಮ್ಲ ಸೋಕಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಆ ಅನಿಲದಲ್ಲಿ ಭಾರದ ಆಕ್ಸಿಜನ್ ಎಷ್ಟು ಎಂದು ಮಾಸ್ ಸ್ಪೆಕ್ಟ್ರೋಮೀಟರ್ ಎಣಿಸುತ್ತದೆ.

ಯೂರಿಯ ತಂಡದ ಚೆಸಾರೆ ಎಮಿಲಿಯಾನಿ 1955ರಲ್ಲಿ 'ಪ್ಲೈಸ್ಟೊಸೀನ್ ಟೆಂಪರೇಚರ್ಸ್' ಎಂಬ ಪ್ರಬಂಧ ಹೊರತಂದ. ಏರಿಳಿತಗಳಿಗೆ ಅವನು ಕೊಟ್ಟ ಸಂಖ್ಯೆಗಳು ಇಂದಿಗೂ ಚಾಲ್ತಿಯಲ್ಲಿವೆ: ಬೆಚ್ಚಗಿನ ಕಾಲಕ್ಕೆ ಬೆಸ ಸಂಖ್ಯೆ, ಹಿಮಯುಗಗಳಿಗೆ ಸಮ ಸಂಖ್ಯೆ. ನಾವಿರುವುದು 1ರಲ್ಲಿ. ಉಷ್ಣವಲಯದ ಅಟ್ಲಾಂಟಿಕ್ ಹಿಮಯುಗದಲ್ಲಿ ಸುಮಾರು 6 ಡಿಗ್ರಿ ತಣಿದಿತ್ತು ಎಂದು ಅವನ ಲೆಕ್ಕ.

1967ರಲ್ಲಿ ಕೇಂಬ್ರಿಜ್‌ನ ನಿಕೊಲಸ್ ಶಾಕಲ್ಟನ್ ಈ ಲೆಕ್ಕವನ್ನು ಅಲುಗಿಸಿದ. ಅವನು ಅಳೆದದ್ದು ಆಳದ ತಳದಲ್ಲೇ ಬದುಕುವ ಫೊರಾಮ್‌ಗಳನ್ನು. ಅಲ್ಲಿಯ ನೀರು ಇಂದೂ ಹೆಪ್ಪುಗಟ್ಟುವುದಕ್ಕೆ ಹತ್ತಿರ. ಇನ್ನು 5-6 ಡಿಗ್ರಿ ತಣಿಯಲು ಅವಕಾಶವೇ ಇಲ್ಲ. ಆದರೂ ಅವುಗಳಲ್ಲಿ ಕಂಡ ಏರಿಳಿತ ಮೇಲೆ ತೇಲುವವುಗಳಷ್ಟೇ ದೊಡ್ಡದು. ಕಾರಣ ಹಿಮ. ಹಗುರ ಆಕ್ಸಿಜನ್ನಿನ ನೀರು ಸುಲಭವಾಗಿ ಆವಿಯಾಗಿ, ಹಿಮವಾಗಿ ಬಿದ್ದು ನೆಲದ ಮೇಲೆ ಸಿಕ್ಕಿಕೊಂಡರೆ ಕಡಲಿನಲ್ಲಿ ಭಾರದ್ದರ ಪಾಲು ಹೆಚ್ಚುತ್ತದೆ. ಕಳೆದ ಹಿಮಯುಗದ ತುದಿಯಲ್ಲಿ ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ತಗ್ಗಿತ್ತು. ಆ ನೀರೆಲ್ಲ ಹಿಮದಲ್ಲಿತ್ತು. ಎಮಿಲಿಯಾನಿ ತಾಪಮಾನ ಎಂದು ಓದಿದ್ದರ ಬಹುಭಾಗ ಹಿಮದ ರಾಶಿಯ ಲೆಕ್ಕ.

ಆದ್ದರಿಂದಲೇ ಈಗಿನ ನಕ್ಷೆಗಳ ಅಂಚಿನಲ್ಲಿ ಮೊದಲು 'ಡೆಲ್ಟಾ ಆಕ್ಸಿಜನ್-18' ಎಂಬ ಅಳತೆ ಇರುತ್ತದೆ, ತಾಪಮಾನ ಆಮೇಲೆ. ಹಿಮವನ್ನೂ ಶಾಖವನ್ನೂ ಬಿಡಿಸಲು ಅದೇ ಚಿಪ್ಪಿನ ಮೆಗ್ನೀಸಿಯಂ ನೋಡುತ್ತಾರೆ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಅದು ಶೇಕಡ 9ರಷ್ಟು ಏರುತ್ತದೆ. ಇನ್ನೊಂದು ಸಾಕ್ಷಿ 'ಎಮಿಲಿಯಾನಿಯಾ ಹಕ್ಸ್‌ಲೆಯೈ' ಎಂಬ ಪಾಚಿಯ ಮೇಣದಂಥ ಅಣುಗಳು. ಎಮಿಲಿಯಾನಿಯ ಲೆಕ್ಕ ತಿದ್ದುಪಡಿಯಾಯಿತು, ಅವನ ಹೆಸರು ಹೊತ್ತ ಜೀವಿ ಇನ್ನೊಂದು ತಾಪಮಾಪಕವಾಯಿತು. 1976ರಲ್ಲಿ ಹೇಸ್, ಇಂಬ್ರಿ, ಶಾಕಲ್ಟನ್ ಮೂವರೂ ಹಿಂದೂ ಮಹಾಸಾಗರದ ದಕ್ಷಿಣದ ಕೆಸರನ್ನು ಓದಿ, ಹಿಮಯುಗಗಳ ತಾಳ ಭೂಮಿಯ ಕಕ್ಷೆಯ ತಾಳಕ್ಕೆ ಹೊಂದುತ್ತದೆ ಎಂದು ತೋರಿಸಿದರು.

ನಮ್ಮ ಅರಬ್ಬೀ ಸಮುದ್ರವೂ ಈ ಓದಿಗೆ ಸಿಕ್ಕಿದೆ. ಮುಂಗಾರಿನ ಗಾಳಿ ಜೋರಾದಾಗ ಒಮಾನ್ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ, 'ಗ್ಲೋಬಿಜೆರಿನಾ ಬುಲಾಯ್ಡಿಸ್' ಮಿತಿಮೀರಿ ಹೆಚ್ಚುತ್ತದೆ. ಕೆಸರಿನಲ್ಲಿ ಅದರ ಪಾಲು ಎಷ್ಟೆಂದು ನೋಡಿ ಹಳೆಯ ಮುಂಗಾರುಗಳ ಬಲ ಅಂದಾಜಿಸುತ್ತಾರೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಕಾಳಿ ನದಿ ಕಡಲು ಸೇರುವ ಕಾರವಾರದಾಚೆಯ ಕೆಸರಿನ ಫೊರಾಮ್‌ಗಳಲ್ಲಿ ಹಿಂದಿನ ಮಳೆಗಾಲಗಳನ್ನು ಹುಡುಕಿದ್ದಾರೆ.

ಈ ಚರಿತ್ರೆಯಲ್ಲಿ ಉಳಿದವು ಕಂಡದ್ದನ್ನು ಹೇಳಿದ ಪದಗಳು: ತೂತು, ಜಾಗ, ಭಾರದ ಆಕ್ಸಿಜನ್. ಮತ್ತೆ ಮತ್ತೆ ತಿದ್ದಿಸಿಕೊಂಡದ್ದು ಅವುಗಳ ಮೇಲೆ ಕಟ್ಟಿದ ಊಹೆ. ಕನ್ನಡದಲ್ಲಿ ವಿಜ್ಞಾನದ ಪದ ಕಟ್ಟುವವರು ಇದನ್ನು ಗಮನಿಸಬೇಕು. ವಸ್ತು ಏನಿರಬಹುದು ಎಂಬ ಇಂದಿನ ವಿವರಣೆಯನ್ನೆಲ್ಲ ಒಂದೇ ಸಮಾಸದಲ್ಲಿ ತುರುಕಿದರೆ ನಾಳೆ ವಿವರಣೆ ಬದಲಾದಾಗ ಪದವೂ ಹಳಸುತ್ತದೆ. ಕಣ್ಣಿಗೆ ಬಿದ್ದ ಒಂದು ಗುರುತನ್ನು ಹಿಡಿದು ಹೆಸರಿಟ್ಟರೆ ಸಾಕು. ಉಳಿದ ಅರ್ಥವನ್ನು ಮುಂದಿನವರು ತುಂಬಿಕೊಳ್ಳುತ್ತಾರೆ.