ಮಾಗಡಿಯ ನಾಡಪ್ರಭುಗಳ ಏಳುಬೀಳು

ಯಲಹಂಕದಲ್ಲಿ ತಲೆಯೆತ್ತಿ ಮಾಗಡಿಯಲ್ಲಿ ಕೊನೆಗೊಂಡ ಕೆಂಪೇಗೌಡರ ಮನೆತನವು ಬೆಂಗಳೂರಿನ ಸ್ಥಾಪನೆಯಿಂದ ಪ್ರಸಿದ್ಧವಾಗಿದೆ. ಅದರ ಅವಸಾನವನ್ನು ಕುರಿತ ಜಿಜ್ಞಾಸೆ ಮಾತ್ರ ವಿರಳ. ೧೭೨೮ರಲ್ಲಿ ಮೈಸೂರಿನವರು ಸಾವನದುರ್ಗವನ್ನು ಹಿಡಿದರೆಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಆದರೆ ದುರ್ಗದ ಪತನವು ಒಂದು ದೀರ್ಘ ಪರಿಣಾಮದ ಕೊನೆಯ ಘಟ್ಟವೇ ಹೊರತು ಅದರ ಮೂಲವಲ್ಲವೆಂದು ನಮ್ಮ ಅಭಿಪ್ರಾಯ.

ಈ ಮನೆತನದ ಏಳಿಗೆಗೆ ವಿಜಯನಗರದ ಆಶ್ರಯವೇ ಆಧಾರವಾಗಿತ್ತು. ಹಿರಿಯ ಕೆಂಪೇಗೌಡನು ಪರಂಪರೆಯಂತೆ ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದನು. ಅಚ್ಯುತರಾಯನಿಂದ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮೊದಲಾದ ಹೋಬಳಿಗಳು ಅವನಿಗೆ ದೊರೆತವೆಂದೂ, ಅವುಗಳ ಹುಟ್ಟುವಳಿ ೩೦,೦೦೦ ವರಹಗಳಾಗಿದ್ದಿತೆಂದೂ ಪ್ರತೀತಿ. ಅವನು ಸ್ವಂತ ನಾಣ್ಯವನ್ನು ಟಂಕಿಸಿದನೆಂಬ ಆರೋಪಕ್ಕೆ ಗುರಿಯಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನೆಂಬ ಐತಿಹ್ಯವೂ ಉಂಟು. ಕೊಟ್ಟ ಕೈಯೇ ಕಸಿದುಕೊಳ್ಳಬಲ್ಲದೆಂಬುದು ನಾಡಪ್ರಭುತ್ವದ ಸ್ವಭಾವ.

೧೫೬೫ರ ರಕ್ಕಸತಂಗಡಿ ಯುದ್ಧದ ತರುವಾಯ ಈ ಸ್ಥಿತಿ ಬದಲಾಯಿತು. ವಿಜಯನಗರದ ಅರಸರು ಪೆನುಗೊಂಡೆಗೆ ಸರಿದರು. ಪೆನುಗೊಂಡೆಯನ್ನು ಬಿಜಾಪುರದ ಸೈನ್ಯದಿಂದ ರಕ್ಷಿಸಿದ ಜಗದೇವರಾಯನಿಗೆ ಬಾರಾಮಹಲಿನಿಂದ ಹಿಡಿದು ವಿಶಾಲವಾದ ಸೀಮೆ ದೊರೆಯಿತು. ಅವನ ವಂಶದವರು ಚನ್ನಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡರು. ಇಂದು ಕನಕಪುರವೆನಿಸಿರುವ ಕಾನಕಾನಹಳ್ಳಿಯ ಕೋಟೆಯನ್ನೂ ಜಗದೇವರಾಯನೇ ಕಟ್ಟಿಸಿದನೆಂದು ಹೇಳುವುದುಂಟು. ಹೀಗೆ ಒಂದೇ ಸಾಮ್ರಾಜ್ಯದ ನೆರಳಿನಲ್ಲಿ ನೆರೆಹೊರೆಯ ಎರಡು ಪ್ರಭುತ್ವಗಳು ಬೆಳೆದವು.

ಇವೆರಡಕ್ಕೂ ಮೃತ್ಯುವಾಗಿ ಪರಿಣಮಿಸಿದುದು ಮೈಸೂರು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದರು. ೧೬೩೦ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಚನ್ನಪಟ್ಟಣವು ಮೈಸೂರಿಗೆ ಸೇರಿತು. ಜಗದೇವರಾಯನ ವಂಶವು ಅಳಿದ ಮೇಲೆ ಮೈಸೂರಿನ ಎಲ್ಲೆ ಮಾಗಡಿ ಸೀಮೆಯ ದಕ್ಷಿಣಕ್ಕೆ ಬಂದು ನಿಂತಿತು. ಎಂಟು ವರ್ಷಗಳ ಬಳಿಕ, ೧೬೩೮ರಲ್ಲಿ, ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಗೆದ್ದನು. ಅದು ಷಹಾಜಿಯ ಜಹಗೀರಾಯಿತು. ಕೆಂಪೇಗೌಡರು ಮಾಗಡಿಗೆ ಹಿಂದೆಗೆದು ಸಾವನದುರ್ಗವನ್ನು ಆಶ್ರಯಿಸಿದರು.

ಸಮುದ್ರಮಟ್ಟದಿಂದ ಸುಮಾರು ೪,೦೦೦ ಅಡಿ ಎತ್ತರದ ಆ ಬಂಡೆಯಲ್ಲಿ ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳಿವೆ, ಸುತ್ತಲೂ ಕಾಡು. ಶತ್ರುವಿಗೆ ಅದು ದುರ್ಗಮವೆಂಬುದು ನಿಜ. ಆದರೆ ಬಂಡೆಯು ರಕ್ಷಣೆ ಕೊಡಬಲ್ಲದೇ ಹೊರತು ಪೇಟೆಯ ಸುಂಕವನ್ನೂ ಬಯಲಿನ ಕಂದಾಯವನ್ನೂ ಕೊಡಲಾರದು. ಬೆಂಗಳೂರನ್ನು ಕಳೆದುಕೊಂಡ ಮನೆತನವು ಮತ್ತೆ ತೊಂಬತ್ತು ವರ್ಷ ಉಳಿದುದಕ್ಕೆ ದುರ್ಗವೊಂದೇ ಕಾರಣವಲ್ಲ. ದಕ್ಷಿಣದಲ್ಲಿ ಮೈಸೂರು, ಪೂರ್ವದಲ್ಲಿ ಬಿಜಾಪುರ ಮತ್ತು ಮರಾಠರು. ಈ ಎರಡು ಬಲಗಳ ನಡುವಣ ಎಡೆಯೇ ಮಾಗಡಿಗೆ ಬಾಳುವ ಅವಕಾಶವನ್ನು ಕೊಟ್ಟಿತೆಂದು ನಾವು ಭಾವಿಸುತ್ತೇವೆ.

ಆ ಎಡೆ ಮುಚ್ಚಿದುದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ೧೬೮೭ರಲ್ಲಿ ಮೊಗಲರ ಸೇನಾನಿ ಖಾಸಿಂಖಾನನು ಬೆಂಗಳೂರನ್ನು ವಶಪಡಿಸಿಕೊಂಡನು. ಆ ಮೇಲೆ ಒಡೆಯರು ೩ ಲಕ್ಷ ರೂಪಾಯಿಗಳನ್ನು ತೆತ್ತು ಅದನ್ನು ಪಡೆದರು. ಅಂದಿನಿಂದ ದಕ್ಷಿಣಕ್ಕೂ ಪೂರ್ವಕ್ಕೂ ಒಬ್ಬನೇ ಒಡೆಯ. ಮೊರೆಹೊಗಲು ಬೇರೊಬ್ಬ ಚಕ್ರವರ್ತಿಯೂ ಉಳಿದಿರಲಿಲ್ಲ. ೧೭೨೮ರಲ್ಲಿ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದನು. ಕಡೆಯ ಕೆಂಪೇಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ಮರಣ ಹೊಂದಿದನು.

ಅದೇ ದುರ್ಗವನ್ನು ೧೭೯೧ರ ಡಿಸೆಂಬರ್ ೨೧ರಂದು ಕಾರ್ನ್‌ವಾಲಿಸನ ಸೈನ್ಯವು ಟೀಪುವಿನವರಿಂದ ಗೆದ್ದಿತು. ರಾಮನಗರದ ಬಳಿಯ ರಾಮಗಿರಿಯೂ ಶಿವಗಿರಿಯೂ ಒಡನೆಯೇ ಶರಣಾದವು. ಗಿರಿದುರ್ಗಗಳ ಬಲವು ಅವನ್ನು ಸುತ್ತಿದ ಬಯಲು ಯಾರ ಕೈಯಲ್ಲಿದೆಯೆಂಬುದನ್ನು ಅವಲಂಬಿಸಿರುತ್ತದೆಂಬುದಕ್ಕೆ ಇದೂ ಒಂದು ನಿದರ್ಶನ. ಆದುದರಿಂದ ಮಾಗಡಿಯ ಅವಸಾನವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ೧೭೨೮ಕ್ಕಿಂತ ಮೊದಲು ೧೬೩೦ ಮತ್ತು ೧೬೮೭ರ ಕಡೆಗೆ ದೃಷ್ಟಿಯನ್ನು ಹರಿಸುವುದು ಉಚಿತ.